ಮಗುವಿನ ಡೈರಿಯಲ್ಲಿ ತಾರೀಖಿಗಿಂತ ಜಾಸ್ತಿ ಬೇಕಾದದ್ದು

ಕತ್ತು ಯಾವಾಗ ನಿಂತಿತು? ಬೋರಲು ಬಿದ್ದದ್ದು ಎಷ್ಟು ತಿಂಗಳಿಗೆ? ಮೊದಲ ಮಾತು ಯಾವುದು? ಮಕ್ಕಳ ಬೆಳವಣಿಗೆ ನೋಡುವ ನಮ್ಮಂಥ ವೈದ್ಯರು ಮೊದಲ ಭೇಟಿಯಲ್ಲಿ ಕೇಳುವ ಪ್ರಶ್ನೆಗಳಿವು. ಕೇಳಿದ ಕೂಡಲೇ ಅಪ್ಪ ಅಮ್ಮನ ಮುಖ ನೋಡುತ್ತಾರೆ. ಅಮ್ಮ ಫೋನ್ ತೆಗೆದು ಹಳೆಯ ಫೋಟೋ ಹುಡುಕಲು ಶುರು ಮಾಡುತ್ತಾರೆ. ಎರಡನೇ ಮಗುವಾದರಂತೂ ಕೇಳುವುದೇ ಬೇಡ. ದೊಡ್ಡವಳದ್ದು ಯಾವುದು, ಚಿಕ್ಕವನದ್ದು ಯಾವುದು ಎಂದು ಇಬ್ಬರಿಗೂ ಗೊಂದಲ.

ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಸರಿಯಾಗಿ ನಿದ್ದೆಯೇ ಇಲ್ಲದ ತಿಂಗಳುಗಳು ಯಾರಿಗೆ ತಾನೇ ನೆಟ್ಟಗೆ ನೆನಪಿರುತ್ತವೆ? ಅಲ್ಲದೆ ನೆನಪು ಸುಮ್ಮನೆ ಮಸುಕಾಗುವುದಿಲ್ಲ, ಜಾಗವನ್ನೂ ಬದಲಿಸುತ್ತದೆ. ಹದಿನಾಲ್ಕು ತಿಂಗಳಿಗೆ ನಡೆದ ಮಗು ಕೆಲವು ವರ್ಷ ಕಳೆಯುವುದರಲ್ಲಿ ಮನೆಯವರ ಬಾಯಲ್ಲಿ 'ವರ್ಷ ತುಂಬುವ ಮೊದಲೇ ನಡೆದ' ಮಗುವಾಗಿರುತ್ತದೆ. ಯಾರೂ ಸುಳ್ಳು ಹೇಳುತ್ತಿಲ್ಲ. ಎಲ್ಲರೂ ಅದನ್ನು ನಂಬಿರುತ್ತಾರೆ.

ಆದ್ದರಿಂದ ಬರೆದಿಡಿ ಎಂದು ಎಲ್ಲ ಹೊಸ ಅಪ್ಪ ಅಮ್ಮಂದಿರಿಗೂ ಹೇಳುತ್ತೇನೆ. ಆದರೆ ಏನನ್ನು ಬರೆಯಬೇಕು ಎನ್ನುವುದರಲ್ಲಿ ನನ್ನದೊಂದು ತಕರಾರಿದೆ. ಮಗುವಿನ ದಾಖಲೆಗೆಂದೇ ಬರುವ ಪುಸ್ತಕಗಳಲ್ಲಿ, ಆ್ಯಪ್‌ಗಳಲ್ಲಿ ಮೊದಲ ನಗು, ಮೊದಲ ಹಲ್ಲು, ಮೊದಲ ಹೆಜ್ಜೆ ಎಂದು ಖಾಲಿ ಜಾಗ ಬಿಟ್ಟಿರುತ್ತಾರೆ. ತಾರೀಖು ತುಂಬಿದರೆ ಕೆಲಸ ಮುಗಿಯಿತು. ನಮಗೆ ಆ ತಾರೀಖಿಗಿಂತ ಜಾಸ್ತಿ ಬೇಕಾದದ್ದು ಎರಡು: ಮಗು ಅದನ್ನು ಹೇಗೆ ಮಾಡಿತು, ಆಮೇಲೂ ಮಾಡುತ್ತಲೇ ಇತ್ತೇ.

'ಮೊದಲ ಸಲ' ಎನ್ನುವುದನ್ನು ಹಿಡಿಯುವುದೇ ಕಷ್ಟ. ನಗುವನ್ನೇ ತೆಗೆದುಕೊಳ್ಳಿ. ಹುಟ್ಟಿದ ಕೆಲವೇ ದಿನಕ್ಕೆ ಮಗು ನಿದ್ದೆಯಲ್ಲಿ ನಗುತ್ತದೆ. ಆ ನಗುವಿಗೂ ನಿಮಗೂ ಸಂಬಂಧವಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಮುಖ ನೋಡಿ, ದನಿ ಕೇಳಿ, ಅದಕ್ಕೆ ಉತ್ತರವಾಗಿ ಬರುವ ನಗು ಆರು ವಾರದ ಆಸುಪಾಸಿನಲ್ಲಿ ಶುರುವಾಗುತ್ತದೆ. ಹೆಚ್ಚಿನ ಮಕ್ಕಳಲ್ಲಿ ಎರಡು ತಿಂಗಳಿಗೆ ಕಾಣಿಸುತ್ತದೆ. ಬೋರಲು ಬೀಳುವುದೂ ಹಾಗೆಯೇ. ಮೊದಲ ಸಲ ಅದು ಆಕಸ್ಮಿಕ. ತಲೆಯ ಭಾರಕ್ಕೆ ಮೈ ಉರುಳಿರುತ್ತದೆ, ಮಗುವಿಗೇ ಗಾಬರಿಯಾಗಿರುತ್ತದೆ. ಆಮೇಲೆ ಎರಡು ವಾರ ಆ ಕಡೆ ಸುಳಿಯುವುದೇ ಇಲ್ಲ. ಮಾತಿನ ವಿಷಯ ಇನ್ನೂ ಗೋಜಲು. ಆರೇಳು ತಿಂಗಳಿಗೆ ಬರುವ 'ಅಮ್ಮಮ್ಮಮ್ಮ' ಬರೀ ತುಟಿಯ ಆಟ. ಅಮ್ಮನನ್ನೇ ಹುಡುಕಿ, ಅಮ್ಮನನ್ನೇ ನೋಡಿ 'ಅಮ್ಮ' ಎನ್ನುವುದು ವರ್ಷದ ಹತ್ತಿರ.

ಹೀಗಾಗಿ ಒಂದೇ ತಾರೀಖು ಹಾಕುವ ಬದಲು ಎರಡು ಹಾಕಿ. ಮೊದಲು ಕಂಡದ್ದು ಯಾವಾಗ, ದಿನವೂ ಮಾಡತೊಡಗಿದ್ದು ಯಾವಾಗ. ಎರಡನೆಯದೇ ನಮಗೆ ಉಪಯೋಗ.

ತಾರೀಖಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ ಎನ್ನಲು ಇನ್ನೊಂದು ಕಾರಣವಿದೆ. ವಿಶ್ವ ಆರೋಗ್ಯ ಸಂಸ್ಥೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಓಮನ್, ಅಮೆರಿಕ ಈ ಆರು ದೇಶಗಳ ಆರೋಗ್ಯವಂತ ಮಕ್ಕಳನ್ನು 1997ರಿಂದ 2003ರವರೆಗೆ ಗಮನಿಸಿತು. ಬ್ರೆಜಿಲ್ ಬಿಟ್ಟು ಉಳಿದ ಐದು ದೇಶಗಳ 816 ಮಕ್ಕಳು ಕೂರುವುದು, ನಿಲ್ಲುವುದು, ನಡೆಯುವುದನ್ನು ಹೇಗೆ ಕಲಿತರು ಎಂದೂ ದಾಖಲಿಸಿತು. 2006ರಲ್ಲಿ ಬಂದ ಆ ಲೆಕ್ಕದ ಪ್ರಕಾರ ಆಸರೆಯಿಲ್ಲದೆ ಕೂರುವ ವಯಸ್ಸು 3.8 ತಿಂಗಳಿಂದ 9.2 ತಿಂಗಳವರೆಗೂ ಹರಡಿದೆ. ತಾನೇ ನಡೆಯುವುದು 8.2ರಿಂದ 17.6 ತಿಂಗಳವರೆಗೆ. ಒಂಬತ್ತು ತಿಂಗಳಿಗಿಂತ ದೊಡ್ಡ ಅಂತರ! ಪಕ್ಕದ ಮನೆಯ ಮಗು ಹತ್ತು ತಿಂಗಳಿಗೇ ನಡೆಯಿತು, ನಮ್ಮದು ಹದಿಮೂರಾದರೂ ಗೋಡೆ ಬಿಟ್ಟಿಲ್ಲ ಎಂದು ಕೊರಗುವವರಿಗೆ ಈ ಎರಡು ಅಂಕಿ ಸಾಕು. ಅದೇ ಅಧ್ಯಯನದಲ್ಲಿ 100ಕ್ಕೆ ಸುಮಾರು ನಾಲ್ಕು ಮಕ್ಕಳು ಅಂಬೆಗಾಲು ಹಾಕಲೇ ಇಲ್ಲ. ಕೆಲವು ಮಕ್ಕಳು ಕೂತಲ್ಲಿಂದಲೇ ಅಂಡು ಜಾರಿಸುತ್ತಾ ಮನೆಯೆಲ್ಲ ಸುತ್ತುತ್ತವೆ. ಅಂಥವು ನಡೆಯುವುದು ಸ್ವಲ್ಪ ತಡ. ವಿಚಾರಿಸಿದರೆ ಅಪ್ಪನೋ ಚಿಕ್ಕಪ್ಪನೋ ಹಾಗೆಯೇ ಮಾಡಿದ್ದು ಎಷ್ಟೋ ಸಲ ಗೊತ್ತಾಗುತ್ತದೆ.

ಯಾವ ವಯಸ್ಸಿಗೆ ಮಗು ಏನು ಮಾಡುತ್ತದೆ ಎಂದು ಹೇಳುವ ಪಟ್ಟಿಗಳೂ ಒಂದೇ ಥರ ಇರುವುದಿಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, 2022ರಲ್ಲಿ ತನ್ನ ಪಟ್ಟಿಯನ್ನು ಬದಲಿಸಿತು. ಆ ವಯಸ್ಸಿನ 100ರಲ್ಲಿ 75 ಅಥವಾ ಅದಕ್ಕೂ ಹೆಚ್ಚು ಮಕ್ಕಳು ಮಾಡುವಂಥದ್ದನ್ನು ಮಾತ್ರ ಉಳಿಸಿಕೊಂಡಿತು, ಅಂಬೆಗಾಲನ್ನು ಕೈಬಿಟ್ಟಿತು. ಅರ್ಧದಷ್ಟು ಮಕ್ಕಳು ಮಾಡುವುದನ್ನು ಲೆಕ್ಕಕ್ಕೆ ಹಿಡಿದ ಪಟ್ಟಿ ನಿಮ್ಮ ಕೈಯಲ್ಲಿದ್ದರೆ, ಉಳಿದ ಅರ್ಧ ಮಕ್ಕಳು ಅದರಲ್ಲಿ 'ಹಿಂದೆ' ಬಿದ್ದಂತೆ ಕಾಣುತ್ತವೆ. ಯಾವ ಪಟ್ಟಿ, ಯಾವ ಲೆಕ್ಕ ಎಂದು ಒಮ್ಮೆ ನೋಡಿಕೊಳ್ಳಿ.

ಅವಧಿಗೆ ಮೊದಲೇ ಹುಟ್ಟಿದ ಮಗುವಿಗೆ ಎರಡು ವರ್ಷದವರೆಗೆ ಲೆಕ್ಕವೇ ಬೇರೆ. 32 ವಾರಕ್ಕೆ ಹುಟ್ಟಿದ್ದರೆ ಎಂಟು ವಾರ ಕಳೆಯಿರಿ. ಹುಟ್ಟಿದ ದಿನದಿಂದ ಆರು ತಿಂಗಳಾದ ಆ ಮಗುವನ್ನು ನಾವು ನಾಲ್ಕು ತಿಂಗಳ ಮಗುವೆಂದೇ ನೋಡುತ್ತೇವೆ. ಡೈರಿಯ ಮೊದಲ ಪುಟದಲ್ಲೇ ಎಷ್ಟು ವಾರಕ್ಕೆ ಹೆರಿಗೆಯಾಯಿತು ಎಂದು ಬರೆದುಬಿಡಿ.

ಹಾಗಾದರೆ ಒಳ್ಳೆಯ ದಾಖಲೆ ಹೇಗಿರುತ್ತದೆ? ಏಳು ತಿಂಗಳ ಮಗುವಿನ ಡೈರಿಯಲ್ಲಿ ಹೀಗೊಂದು ನಾಲ್ಕು ಸಾಲು ಇದೆ ಎಂದುಕೊಳ್ಳಿ: 'ಗಿಲಕಿಯನ್ನು ಬಲಗೈಯಿಂದ ಎಡಗೈಗೆ ದಾಟಿಸಿದಳು. ಬಾಯಿಗಿಟ್ಟಳು. ಕೈಜಾರಿ ಬಿದ್ದಾಗ ಬಗ್ಗಿ ಕೆಳಗೆ ನೋಡಿದಳು. ನಾನು ಹಿಂದಿನಿಂದ ಹೆಸರು ಹಿಡಿದು ಕರೆದಾಗ ತಿರುಗಿದಳು.' ಬರೆದವರಿಗೆ ಇದು ಸಾಮಾನ್ಯ ದಿನ. ಓದುವ ನನಗೆ ಎರಡೂ ಕೈ ಕೆಲಸ ಮಾಡುತ್ತಿವೆ, ಕಣ್ಣು ವಸ್ತುವನ್ನು ಹಿಂಬಾಲಿಸುತ್ತಿದೆ, ಕಾಣದೆ ಹೋದದ್ದು ಎಲ್ಲೋ ಇದೆ ಎಂಬ ಅರಿವು ಮೂಡುತ್ತಿದೆ, ಕಿವಿ ಕೇಳುತ್ತಿದೆ, ತನ್ನ ಹೆಸರು ಗೊತ್ತಾಗುತ್ತಿದೆ ಎಂದು ಒಂದೇ ಓದಿಗೆ ತಿಳಿಯುತ್ತದೆ. 'ಗಿಲಕಿ ಹಿಡಿದಳು, ತಾರೀಖು ಇಂಥದ್ದು' ಎಂಬ ಸಾಲಿನಿಂದ ಇದರಲ್ಲಿ ಕಾಲುಭಾಗವೂ ಸಿಗುವುದಿಲ್ಲ.

ವಾರಕ್ಕೊಮ್ಮೆ ಇಂಥ ಮೂರು ನಾಲ್ಕು ಸಾಲು ಸಾಕು. ದಿನವೂ ಬರೆಯುತ್ತೇನೆಂದು ಹೊರಟವರು ಬೇಗ ಸುಸ್ತಾಗುತ್ತಾರೆ.

ಕೈಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಮೊದಲ ವರ್ಷ ಮಗು ಎರಡೂ ಕೈಗಳನ್ನು ಹೆಚ್ಚುಕಡಿಮೆ ಸಮನಾಗಿ ಬಳಸುತ್ತದೆ. ಇವತ್ತು ಬಲ, ನಾಳೆ ಎಡ. ಚಾರ್ಲ್ಸ್ ಡಾರ್ವಿನ್ ತನ್ನ ಮೊದಲ ಮಗು 1839ರ ಡಿಸೆಂಬರ್‌ನಲ್ಲಿ ಹುಟ್ಟಿದಾಗಿನಿಂದ ಟಿಪ್ಪಣಿ ಬರೆದಿಟ್ಟು, ಅದನ್ನು 1877ರಲ್ಲಿ ಪ್ರಕಟಿಸಿದ. ಎರಡೂವರೆ ತಿಂಗಳ ಮಗು ಹಾಲಿನ ಬಾಟಲಿಯನ್ನು ಬಲಗೈಯಲ್ಲೇ ಹಿಡಿಯಿತು ಎಂದು ಅದರಲ್ಲಿದೆ. ಬೆಳೆದ ಮೇಲೆ ಮಗ ಎಡಚನಾದ. ಅಷ್ಟು ಚಿಕ್ಕ ವಯಸ್ಸಿನಲ್ಲಿ ಮಗು ಯಾವ ಕೈಯದ್ದು ಎಂದು ತೀರ್ಮಾನಿಸಲು ಬರುವುದಿಲ್ಲ. ಆದರೆ ತಿಂಗಳುಗಟ್ಟಲೆ ಒಂದೇ ಕೈ ಮುಂದೆ ಬರುತ್ತಿದ್ದರೆ, ಇನ್ನೊಂದು ಕೈ ಮುಷ್ಟಿ ಬಿಗಿದು ಸುಮ್ಮನೆ ಕೂತಿದ್ದರೆ, ವರ್ಷ ತುಂಬುವ ಮೊದಲೇ ಮಗು 'ಎಡಚ' ಎಂದು ಮನೆಯವರು ನಿರ್ಧರಿಸಿದ್ದರೆ, ನಾನು ನೋಡುವುದು ಬಳಸದ ಆ ಇನ್ನೊಂದು ಕೈಯನ್ನು. ಆ ಕಡೆಯ ಸ್ನಾಯುಗಳಿಗೆ ಮಿದುಳಿನಿಂದ ಸಂದೇಶ ಸರಿಯಾಗಿ ಹೋಗುತ್ತಿಲ್ಲದಿರಬಹುದು. ಇದು ಬೇಗ ಗೊತ್ತಾದಷ್ಟೂ ಒಳ್ಳೆಯದು. ಯಾವ ಮೈಲಿಗಲ್ಲಿನ ತಾರೀಖೂ ಇದನ್ನು ಹೇಳುವುದಿಲ್ಲ. ಮಗು ಸರಿಯಾದ ಸಮಯಕ್ಕೇ ಕೂತಿರುತ್ತದೆ, ಸರಿಯಾದ ಸಮಯಕ್ಕೇ ಹಿಡಿದಿರುತ್ತದೆ. ಆದರೆ ಒಂದೇ ಕೈಯಲ್ಲಿ.

ಬೆರಳು ಮಾಡಿ ತೋರಿಸುವುದೂ ಅಷ್ಟೇ ಮುಖ್ಯ. ಬೇಕಾದದ್ದಕ್ಕೆ ಕೈ ಚಾಚುವುದು ಒಂದು. ಹಾರುವ ಹಕ್ಕಿಯನ್ನು ತೋರಿಸಿ, ನೀವು ನೋಡಿದಿರಾ ಎಂದು ತಿರುಗಿ ನಿಮ್ಮ ಮುಖ ನೋಡುವುದು ಇನ್ನೊಂದು. ಮಗು ತಾನು ಕಂಡದ್ದನ್ನು ನಿಮ್ಮ ಜೊತೆ ಹಂಚಿಕೊಳ್ಳುತ್ತಿದೆ. ಇದು ವರ್ಷದ ಆಸುಪಾಸಿನಲ್ಲಿ ಬರುತ್ತದೆ. ಬಂದರೆ 'ತಿರುಗಿ ನನ್ನ ಮುಖ ನೋಡಿದ' ಎಂಬ ಮಾತನ್ನೂ ಬರೆಯಿರಿ. ಆಟಿಸಂನ ಅನುಮಾನ ಬಂದಾಗ ನಾವು ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಹಾಗೆಯೇ ಮಾತುಗಳ ಪಟ್ಟಿ ಮಾಡುವಾಗ ಮನೆಯಲ್ಲಿ ಎರಡು ಭಾಷೆ ಇದ್ದರೆ ಎರಡನ್ನೂ ಕೂಡಿಸಿ ಎಣಿಸಿ. ಒಂದೇ ಭಾಷೆಯಲ್ಲಿ ಎಣಿಸಿ ಮಗುವಿಗೆ ಮಾತು ಕಡಿಮೆ ಎನ್ನುವುದು ಅನ್ಯಾಯ.

ಡೈರಿಯಲ್ಲಿ ಎಲ್ಲಕ್ಕಿಂತ ತೂಕದ ಸಾಲು ಯಾವುದು ಗೊತ್ತಾ? 'ಮೊದಲು ಮಾಡುತ್ತಿದ್ದಳು, ಈಗ ಮಾಡುತ್ತಿಲ್ಲ' ಎನ್ನುವುದು. ಹೊಸದು ತಡವಾಗಿ ಬಂದರೆ ಸ್ವಲ್ಪ ಕಾಯಬಹುದು. ಬಂದದ್ದು ಹೋಗುವುದು ಯಾವ ವಯಸ್ಸಿನಲ್ಲೂ ಸರಿಯಲ್ಲ. ಜ್ವರ ಬಂದಾಗ ನಾಲ್ಕು ದಿನ ನಡೆಯದೆ ಅಂಟಿಕೊಂಡಿರುವುದನ್ನು ನಾನು ಹೇಳುತ್ತಿಲ್ಲ. ಆಡುತ್ತಿದ್ದ ಮಾತುಗಳು ನಿಂತುಹೋದರೆ, ಟಾಟಾ ಮಾಡುತ್ತಿದ್ದ ಕೈ ಎತ್ತದಿದ್ದರೆ, ಕಣ್ಣಿಗೆ ಕಣ್ಣು ಕೊಡುತ್ತಿದ್ದ ಮಗು ಕೊಡದಿದ್ದರೆ, ಮುಂದಿನ ಲಸಿಕೆಯ ದಿನದವರೆಗೆ ಕಾಯದೆ ಬನ್ನಿ. ನಾನು ಸಾಮಾನ್ಯ ದಿನಗಳನ್ನು ಬರೆಯಿರಿ ಎಂದು ಹಟ ಹಿಡಿಯುವುದು ಇದಕ್ಕೇ. ಮೊದಲು ಏನೇನಿತ್ತು ಎಂದು ಬರೆದಿಲ್ಲದಿದ್ದರೆ ಏನು ಹೋಯಿತು ಎಂದು ಹೇಳಲು ಆಗುವುದಿಲ್ಲ.

ಇನ್ನು ವಿಡಿಯೋ. ಎಲ್ಲರ ಫೋನಿನಲ್ಲೂ ನೂರಾರು ಇರುತ್ತವೆ, ಹೆಚ್ಚಿನವು ಮುದ್ದಿಗೆ. ಆದರೆ ನಿಮಗೆ ವಿಚಿತ್ರ ಎನಿಸಿದ್ದನ್ನು ತೆಗೆದ ಅರ್ಧ ನಿಮಿಷದ ವಿಡಿಯೋಗೆ ನಮ್ಮಲ್ಲಿ ಬೆಲೆ ಜಾಸ್ತಿ. ಒಂದು ಉದಾಹರಣೆ ಹೇಳುತ್ತೇನೆ. 3ರಿಂದ 12 ತಿಂಗಳ ನಡುವೆ ಕೆಲವು ಮಕ್ಕಳಲ್ಲಿ ಒಂದು ಬಗೆಯ ಫಿಟ್ಸ್ ಶುರುವಾಗುತ್ತದೆ. ಕೈಕಾಲು ಜೋರಾಗಿ ಅದುರುವ ಫಿಟ್ಸ್ ಥರ ಅದು ಕಾಣುವುದಿಲ್ಲ. ಮಗು ತಲೆಯನ್ನು ಥಟ್ಟನೆ ಬಗ್ಗಿಸುತ್ತದೆ, ಎರಡೂ ತೋಳು ಮೇಲೆದ್ದು ಬಿಗಿಯಾಗುತ್ತವೆ, ಒಂದೆರಡು ಸೆಕೆಂಡಿಗೆ ಸಡಿಲವಾಗುತ್ತವೆ. ಸ್ವಲ್ಪ ಬಿಟ್ಟು ಮತ್ತೆ ಅದೇ. ಹೀಗೆ ಸಾಲಾಗಿ ಹಲವು ಸಲ, ಹೆಚ್ಚಾಗಿ ನಿದ್ದೆಯಿಂದ ಎದ್ದ ಕೂಡಲೇ. ಹೊಟ್ಟೆನೋವು, ಬೆಚ್ಚಿಬಿದ್ದದ್ದು ಎಂದು ಮನೆಯವರು ಸುಮ್ಮನಾಗುತ್ತಾರೆ. ಬಾಯಿಮಾತಿನಲ್ಲಿ ವಿವರಿಸಿದರೆ ವೈದ್ಯರಿಗೂ ಹಾಗೆಯೇ ಅನಿಸಬಹುದು. ವಿಡಿಯೋ ನೋಡಿದರೆ ಹಾಗೆ ಅನಿಸುವುದಿಲ್ಲ. ಇದಕ್ಕೆ ಚಿಕಿತ್ಸೆ ಬೇಗ ಶುರುವಾಗಬೇಕು, ವಾರಗಳ ಲೆಕ್ಕದಲ್ಲಿ ತಡ ಮಾಡುವಂತಿಲ್ಲ. ತಲೆಯಿಂದ ಕಾಲಿನವರೆಗೆ ಪೂರ್ತಿ ಮೈ ಕಾಣುವಂತೆ, ಬೆಳಕು ಹಾಕಿ, ಹೊದಿಕೆ ಸರಿಸಿ, ಧ್ವನಿಸಮೇತ ತೆಗೆಯಿರಿ. ಮಗು ನೀಲಿಗಟ್ಟಿದ್ದರೆ, ಉಸಿರಿಗೆ ಒದ್ದಾಡುತ್ತಿದ್ದರೆ ಫೋನ್ ಪಕ್ಕಕ್ಕಿಟ್ಟು ಮೊದಲು ಮಗುವನ್ನು ನೋಡಿ, ಆಸ್ಪತ್ರೆಗೆ ಹೊರಡಿ.

ಫೋಟೋದಲ್ಲೂ ಒಂದು ವಿಷಯ ಗಮನಿಸಿ. ಫ್ಲ್ಯಾಶ್ ಹಾಕಿ ತೆಗೆದಾಗ ಪಾಪೆ ಕೆಂಪಗೆ ಕಾಣುವುದು ಮಾಮೂಲು. ಒಂದು ಕಣ್ಣು ಕೆಂಪು, ಇನ್ನೊಂದು ಬಿಳಿ ಎಂದಿದ್ದರೆ ಆ ಫೋಟೋ ಅಳಿಸಬೇಡಿ. ಕ್ಯಾಮೆರಾದ ಕೋನದಿಂದಲೂ ಹಾಗೆ ಬರಬಹುದು. ಕಣ್ಣಿನ ಪೊರೆ ಇರಬಹುದು, ಅಪರೂಪಕ್ಕೆ ಕಣ್ಣಿನೊಳಗಿನ ಗಡ್ಡೆಯೂ ಇರಬಹುದು. ಕೂಡಲೇ ಕಣ್ಣಿನ ವೈದ್ಯರಿಗೆ ತೋರಿಸಿ.

ಅತಿಯಾಗಿ ಬರೆಯುವವರಿಗೂ ಒಂದು ಮಾತು. ಹುಟ್ಟಿದ ಮೊದಲೆರಡು ವಾರ ಎಷ್ಟು ಸಲ ಹಾಲು ಕುಡಿಯಿತು, ಎಷ್ಟು ಸಲ ಉಚ್ಚೆ ಮಾಡಿತು ಎಂದು ಗುರುತು ಹಾಕುವುದು ಸರಿ. ಐದನೇ ದಿನದ ನಂತರ ದಿನಕ್ಕೆ ಆರು ಸಲವಾದರೂ ಉಚ್ಚೆ ಮಾಡುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದು ಸಾಮಾನ್ಯವಾಗಿ ಧೈರ್ಯವಾಗಿರಬಹುದು. ಮೊದಲ ದಿನಗಳಲ್ಲಿ ಇಳಿದ ತೂಕ ಎರಡು ವಾರದೊಳಗೆ ವಾಪಸ್ ಬರಬೇಕು. ಅದು ಬಂದ ಮೇಲೂ ಪ್ರತಿ ಹಾಲು, ಪ್ರತಿ ನಿದ್ದೆಯ ನಿಮಿಷ ಬರೆಯುತ್ತಾ ಕೂತರೆ ನಿಮ್ಮ ನಿದ್ದೆ ಹೋಗುತ್ತದೆ, ಮಗುವಿಗೆ ಲಾಭವಿಲ್ಲ. ಸಂಖ್ಯೆ ನೋಡಿ ಎದೆ ಡವಗುಟ್ಟುತ್ತಿದ್ದರೆ ಆ ಆ್ಯಪ್ ತೆಗೆದುಹಾಕಿ. ಆಮೇಲೂ ಆತಂಕ ಕಡಿಮೆಯಾಗದಿದ್ದರೆ, ಅಳು ಬರುತ್ತಲೇ ಇದ್ದರೆ, ಮಗುವಿನ ವೈದ್ಯರ ಹತ್ತಿರವೇ ಅದನ್ನೂ ಹೇಳಿ. ಹೆರಿಗೆಯ ನಂತರ ಇದು ಎಷ್ಟೋ ತಾಯಂದಿರಿಗೆ ಆಗುತ್ತದೆ, ಚಿಕಿತ್ಸೆ ಇದೆ.

ತೂಕದ ಚಾರ್ಟನ್ನು ಪರೀಕ್ಷೆಯ ಅಂಕಪಟ್ಟಿಯಂತೆ ನೋಡುವವರು ಬಹಳ. 15ನೇ ಗೆರೆಯ ಮೇಲಿರುವ ಮಗುವಿಗೆ 100ಕ್ಕೆ 15 ಅಂಕ ಬಂದಿಲ್ಲ. ಅದೇ ವಯಸ್ಸಿನ ನೂರು ಆರೋಗ್ಯವಂತ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಹದಿನೈದು ಮಕ್ಕಳು ಇದಕ್ಕಿಂತ ಹಗುರ ಎಂದಷ್ಟೇ ಅರ್ಥ. ತನ್ನ ಗೆರೆಯ ಪಕ್ಕದಲ್ಲೇ ಮೇಲೇರುತ್ತಿದ್ದರೆ ಸಾಕು. ತೂಕದ ಜೊತೆ ಉದ್ದವನ್ನೂ ತಲೆಯ ಸುತ್ತಳತೆಯನ್ನೂ ಕೇಳಿ ಬರೆಸಿಕೊಳ್ಳಿ. ತಲೆಯ ಅಳತೆಯನ್ನು ಮರೆಯುವವರೇ ಜಾಸ್ತಿ, ನನಗೆ ಮೊದಲು ಬೇಕಾಗುವುದು ಅದೇ.

ಬರೆಯುವ ಕೆಲಸ ಅಮ್ಮ ಒಬ್ಬಳ ಮೇಲೆ ಬೀಳಬಾರದು. ಹಗಲು ಮಗುವನ್ನು ನೋಡಿಕೊಳ್ಳುವವರು ಅಜ್ಜಿಯಾದರೆ ಅಜ್ಜಿ ಹೇಳಲಿ, ಅಪ್ಪ ಬರೆಯಲಿ. ಇಬ್ಬರು ನೋಡಿದ್ದು ಬೇರೆ ಬೇರೆಯಾಗಿದ್ದರೆ ಎರಡನ್ನೂ ಬರೆಯಿರಿ, ಜಗಳ ಬೇಡ. ಈ ದಾಖಲೆ ಮನೆಯವರ ಮತ್ತು ವೈದ್ಯರ ನಡುವೆಯೇ ಇರಲಿ. ಸ್ನಾನದ ಫೋಟೋ, ಪೂರ್ತಿ ಹೆಸರು, ಹುಟ್ಟಿದ ದಿನ ಎಲ್ಲವನ್ನೂ ಸೇರಿಸಿ ಎಲ್ಲರಿಗೂ ಕಾಣುವಂತೆ ಹಾಕಿದರೆ ಆಮೇಲೆ ವಾಪಸ್ ಪಡೆಯಲು ಆಗುವುದಿಲ್ಲ.

ವೈದ್ಯರ ಹತ್ತಿರ ಬರುವಾಗ ಇಡೀ ಡೈರಿ ತಂದು ಮುಂದಿಡಬೇಡಿ, ಓದಲು ನಮಗೆ ಸಮಯ ಸಾಲದು. ಅರ್ಧ ಪುಟ ಮಾಡಿಕೊಂಡು ಬನ್ನಿ. ಮೊದಲ ಸಾಲಿನಲ್ಲಿ ನಿಮ್ಮ ಚಿಂತೆ ಏನು ಎಂದು ಬರೆಯಿರಿ. ಕೆಳಗೆ ಕಳೆದ ಸಲ ಬಂದಾಗಿನಿಂದ ಹೊಸದಾಗಿ ಬಂದದ್ದು, ನಿಂತುಹೋದದ್ದು. ವಿಡಿಯೋ ಇದ್ದರೆ ಮೊದಲೇ ಹುಡುಕಿ ತೆರೆದಿಟ್ಟುಕೊಳ್ಳಿ. 'ಏನೋ ಸರಿಯಿಲ್ಲ ಅನಿಸುತ್ತಿದೆ, ಏನೆಂದು ಗೊತ್ತಾಗುತ್ತಿಲ್ಲ' ಎಂದಷ್ಟೇ ಬರೆದು ತಂದರೂ ನಡೆಯುತ್ತದೆ. ಅಲ್ಲಿಂದ ಪ್ರಶ್ನೆ ಕೇಳುವುದು ನಮ್ಮ ಕೆಲಸ.