ದಾಳಿಂಬೆ ಸಿಪ್ಪೆಯೊಳಗೆ ಸಿಲಿಕಾನ್

‘ನ್ಯಾನೋ’ ಅಂತ ಬರೆದುಬಿಟ್ಟರೆ ನೀರಿನ ಫಿಲ್ಟರಿನಿಂದ ಗೋಡೆಯ ಪೇಂಟಿನವರೆಗೆ ಏನು ಬೇಕಾದರೂ ಮಾರಬಹುದು. ಈಗ ಆ ಮಂತ್ರ ಬ್ಯಾಟರಿಗೂ ಬಂದಿದೆ. ಪುಡಿ ಮಾಡಿದಷ್ಟೂ ಶಕ್ತಿ ಜಾಸ್ತಿ ಅಂತ ಸುಮಾರು ಜನ ನಂಬಿದ್ದಾರೆ. ಸುಮ್ನೆ ಮಾತು. ಬ್ಯಾಟರಿಗೆ ಹಾಕುವ ಸಿಲಿಕಾನನ್ನು ನ್ಯಾನೋ ಗಾತ್ರಕ್ಕೆ ಇಳಿಸುವುದು ಅದು ಒಡೆಯದಿರಲಿ ಅಂತ.

ನಿಮ್ಮ ಮೊಬೈಲಿನ ಬ್ಯಾಟರಿಯ ಆನೋಡ್, ಅಂದರೆ ಚಾರ್ಜ್ ಆಗುವಾಗ ಲಿಥಿಯಂ ಬಂದು ಸೇರುವ ಬದಿ, ಬಹುಪಾಲು ಗ್ರಾಫೈಟ್, ಪೆನ್ಸಿಲ್ ಕಡ್ಡಿಯಲ್ಲಿರುವುದೇ. ಆ ಲಿಥಿಯಂ ಅದರ ಪದರಗಳ ನಡುವೆ ಹೋಗಿ ಕೂರುತ್ತದೆ. ಆರು ಕಾರ್ಬನ್ನಿಗೆ ಒಂದೇ ಲಿಥಿಯಂ. ಗ್ರಾಮಿಗೆ 372 ಮಿಲಿಆಂಪ್ ಅವರ್, ಅದಕ್ಕಿಂತ ಮೇಲೆ ಹೋಗದು. ಇದಕ್ಕೂ ಮೊದಲು, 1970ರ ದಶಕದಲ್ಲಿ, ವಿಜ್ಞಾನಿ ಸ್ಟಾನ್ಲಿ ವಿಟಿಂಗ್‌ಹ್ಯಾಮ್ ಆನೋಡಿಗೆ ಲಿಥಿಯಂ ಲೋಹವನ್ನೇ ಇಟ್ಟು ನೋಡಿದ್ದರು. ಆ ಲೋಹ ಸೂಜಿಯಂತೆ ಬೆಳೆದು ಆಚೆ ಬದಿ ಮುಟ್ಟಿದರೆ ಬೆಂಕಿಯ ಭಯ. 1985ರಲ್ಲಿ ಅಕಿರಾ ಯೋಶಿನೊ ಆ ಜಾಗಕ್ಕೆ ಕಾರ್ಬನ್ ತಂದರು. 1991ರಲ್ಲಿ ಸೋನಿ ಮಾರಾಟಕ್ಕಿಟ್ಟಿತು. 2019ರ ನೊಬೆಲ್‌ನಲ್ಲಿ ಇಬ್ಬರಿಗೂ ಪಾಲು ಸಿಕ್ಕಿತು. ಇರಲಿ, ಸಿಲಿಕಾನಿಗೆ ಬರೋಣ.

ನಾಲ್ಕು ಸಿಲಿಕಾನ್ ಪರಮಾಣು 15 ಲಿಥಿಯಂ ಹಿಡಿಯುತ್ತವೆ. ಗ್ರಾಮಿಗೆ ಸುಮಾರು 3,600! ಆದರೆ ಹಿಡಿದ ಮೇಲೆ ಊದಿಕೊಂಡು ಹೆಚ್ಚುಕಮ್ಮಿ ನಾಲ್ಕು ಪಟ್ಟಾಗುತ್ತದೆ. ನಾನೊಮ್ಮೆ ಡಬ್ಬಿ ತುಂಬ ಕಡಲೆಕಾಳು ಹಾಕಿ, ನೀರು ಸುರಿದು, ಮುಚ್ಚಳ ಒತ್ತಿ ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಮುಚ್ಚಳ ಕಟ್ಟೆಯ ಕೆಳಗೆ, ಕಾಳು ಒಲೆಯವರೆಗೆ. ಕಡಲೆ ಊದುವುದು ಒಂದು ಸಲ. ಸಿಲಿಕಾನ್ ಪ್ರತಿ ಚಾರ್ಜಿಗೂ ಊದಿ, ಮತ್ತೆ ಕುಗ್ಗಬೇಕು. ದಪ್ಪ ಕಣವಾದರೆ ಬಿರಿದು ಪುಡಿಯಾಗುತ್ತದೆ.

ಕೆರೆಯ ಕೆಸರು ಒಣಗಿದರೆ ಕಾಲು ಹೋಗುವಷ್ಟು ಬಿರುಕು. ಅದೇ ಮಣ್ಣನ್ನು ಗೋಡೆಗೆ ತೆಳ್ಳಗೆ ಸಾರಿಸಿ, ಬಿರಿಯುವುದಿಲ್ಲ. ಸಿಲಿಕಾನಿನದೂ ಇದೇ ಸ್ವಭಾವ: ಸುಮಾರು 150 ನ್ಯಾನೋಮೀಟರಿಗಿಂತ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ಚಿಕ್ಕ ಕಣ ಊದಿದರೂ ಒಡೆಯುವುದಿಲ್ಲ. 2008ರಲ್ಲಿ ಸ್ಟಾನ್‌ಫರ್ಡಿನ ಯಿ ಕುಯಿ ತಂಡ ಸಿಲಿಕಾನನ್ನು ನ್ಯಾನೋ ತಂತಿಗಳಾಗಿ ಬೆಳೆಸಿ ಇದನ್ನು ಸಾಧಿಸಿತು.

ಆದರೆ ಇನ್ನೊಂದು ಕಾಟವಿದೆ. ಆನೋಡಿನ ಮೇಲೆ ಎಲೆಕ್ಟ್ರೋಲೈಟ್ (ಲಿಥಿಯಂ ಓಡಾಡುವ ಬ್ಯಾಟರಿಯೊಳಗಿನ ದ್ರವ) ಒಂದು ಪೊರೆ ಕಟ್ಟುತ್ತದೆ, ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟಿದಂತೆ. ಒಂದು ಪೊರೆ ಇದ್ದರೆ ಒಳ್ಳೆಯದೇ. ಸಿಲಿಕಾನ್ ಊದಿದಾಗ ಅದು ಹರಿಯುತ್ತದೆ, ಹೊಸದು ಕಟ್ಟುತ್ತದೆ. ಕೆನೆ ತೆಗೆತೆಗೆದು ಹಾಲೇ ಕಮ್ಮಿಯಾದಂತೆ, ಪ್ರತಿ ಪೊರೆಗೂ ಒಂದಿಷ್ಟು ಲಿಥಿಯಂ ಖರ್ಚು. ಪುಡಿ ನುಣ್ಣಗಾದಷ್ಟೂ ಹೊರಮೈ ಜಾಸ್ತಿ, ಪೊರೆಯೂ ಜಾಸ್ತಿ. ಅಂದರೆ ಬರೀ ನ್ಯಾನೋ ಮಾಡಿದರೆ ಕೆಲಸ ಕೆಡುತ್ತದೆ!

ಕಾಂಪೋಸಿಟ್, ಅಂದರೆ ಎರಡು ವಸ್ತು ಕೂಡಿಸಿ ಮಾಡಿದ್ದು, ಬೇಕಾಗುವುದು ಇಲ್ಲಿ. 2014ರಲ್ಲಿ ಅದೇ ತಂಡ ದಾಳಿಂಬೆಯಂಥ ರಚನೆ ಮಾಡಿತು. ಒಂದೊಂದು ಸಿಲಿಕಾನ್ ಕಾಳಿಗೂ ಕಾರ್ಬನ್ ಚೀಲ, ಚೀಲದೊಳಗೆ ಊದಿಕೊಳ್ಳಲು ಖಾಲಿ ಜಾಗ. ಅಂಥ ಕಾಳುಗಳ ಗೊಂಚಲಿಗೆ ಹೊರಗೆ ದಪ್ಪ ಕಾರ್ಬನ್ ಸಿಪ್ಪೆ. ಪೊರೆ ಕಟ್ಟುವುದು ಸಿಪ್ಪೆಯ ಮೇಲೆ ಮಾತ್ರ. ಸಿಪ್ಪೆ ಊದುವುದಿಲ್ಲ, ಪೊರೆ ಹರಿಯುವುದಿಲ್ಲ. 1,000 ಸಲ ಚಾರ್ಜ್ ಮಾಡಿದ ಮೇಲೂ 97% ಸಾಮರ್ಥ್ಯ ಉಳಿದಿತ್ತು.

ಮತ್ತೆ ಇಂಥ ದಾಳಿಂಬೆ ಎಲ್ಲ ಫೋನಿನಲ್ಲೂ ಯಾಕಿಲ್ಲ? ಇಷ್ಟು ನಾಜೂಕಿನ ಕೆಲಸವನ್ನು ಟನ್‌ಗಟ್ಟಲೆ ಅಗ್ಗವಾಗಿ ಮಾಡುವುದು ಕಷ್ಟ. ಅದರ ಮೇಲೆ, ಜಾಗ ಬಿಟ್ಟು ತುಂಬಿದರೆ ಡಬ್ಬಿಯಲ್ಲಿ ಕಡಲೆ ಕಮ್ಮಿ ಹಿಡಿಯುತ್ತದೆ ಅಲ್ವಾ? ಹಾಗಾಗಿ ಸಿಲಿಕಾನ್ ಇರುವ ಬ್ಯಾಟರಿಗಳಲ್ಲೂ ಹೆಚ್ಚಾಗಿ ಸಿಗುವುದು ಗ್ರಾಫೈಟೇ. ಸಿಲಿಕಾನ್ ಒಗ್ಗರಣೆಯ ಸಾಸಿವೆಯಷ್ಟು.