ತಳದ ಒಂದು ಗೇಣು ನೀರು

ಅಮೆರಿಕದ ಮೌಮೀ ನದಿಯ ದಡದಲ್ಲಿ ಮಾರ್ಚ್ ತಿಂಗಳ ಬೆಳಗ್ಗೆ ಮೀನು ಹಿಡಿಯಲು ಬಂದ ಜನ ಒಬ್ಬರನ್ನೊಬ್ಬರು ಕೇಳುವ ಮೊದಲ ಪ್ರಶ್ನೆ, ‘ಎಷ್ಟು ತೂಕ ಹಾಕಿದ್ದೀರಿ?’ ಯಾವ ಬಣ್ಣದ ಎರೆ, ಯಾವ ಕಂಪನಿಯ ರಾಡ್ ಅನ್ನುವುದೆಲ್ಲ ಆಮೇಲೆ. ತೂಕ ಅಂದರೆ ಗಾಳದ ದಾರಕ್ಕೆ ಪೋಣಿಸುವ ಸೀಸದ ಗುಂಡು. 10 ಗ್ರಾಂ ಹಾಕಿದವರು ಸುಮ್ನೆ ನಿಂತಿರುತ್ತಾರೆ. ಪಕ್ಕದಲ್ಲೇ 14 ಗ್ರಾಂ ಹಾಕಿದವರಿಗೆ ಮೀನಿನ ಮೇಲೆ ಮೀನು. ಮರುದಿನ ನೀರು ಇಳಿದರೆ ಲೆಕ್ಕ ತಿರುಗುಮುರುಗು. ನಾಲ್ಕು ಗ್ರಾಂ ಸೀಸ ಇಷ್ಟು ವ್ಯತ್ಯಾಸ ಮಾಡುವುದು ಯಾಕೆ? ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಈ ಮೀನೂ ಅರ್ಥವಾಗುತ್ತದೆ, ಈ ನದಿಯೂ ಅರ್ಥವಾಗುತ್ತದೆ.

ಮೀನಿನ ಹೆಸರು ವಾಲೈ. ಪರ್ಚ್ ಕುಟುಂಬಕ್ಕೆ ಸೇರಿದ, ಉತ್ತರ ಅಮೆರಿಕದ ಸಿಹಿನೀರಿನ ಬೇಟೆಗಾರ ಮೀನು. ಹಸಿರು ಬೆರೆತ ಚಿನ್ನದ ಬಣ್ಣದ ಮೈ, ಚೂಪು ಹಲ್ಲು, ಬಾಲದ ಕೆಳತುದಿಯಲ್ಲಿ ಒಂದು ಬಿಳಿ ಗುರುತು. ವೈಜ್ಞಾನಿಕ ಹೆಸರು ಸ್ಯಾಂಡರ್ ವಿಟ್ರಿಯಸ್. ವಿಟ್ರಿಯಸ್ ಅಂದರೆ ಗಾಜಿನಂಥದ್ದು. ಹೆಸರು ಬಂದದ್ದು ಅದರ ಕಣ್ಣಿನಿಂದ, ಆ ಕಣ್ಣಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೌಮೀ ಇಂಡಿಯಾನಾದ ಫೋರ್ಟ್ ವೇನ್ ಊರಿನಲ್ಲಿ ಹುಟ್ಟಿ, ಒಹಾಯೊ ರಾಜ್ಯ ದಾಟಿ, ಟೊಲೆಡೊ ನಗರದ ಬಳಿ ಈರಿ ಸರೋವರ ಸೇರುತ್ತದೆ. ಉದ್ದ ಸುಮಾರು 220 ಕಿ.ಮೀ. ವರ್ಷದ ಬಹುಪಾಲು ವಾಲೈ ಸರೋವರದಲ್ಲೇ ಇರುತ್ತದೆ. ಹಿಮ ಕರಗಿ ನೀರು 5-6 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅವು ಗುಂಪುಗುಂಪಾಗಿ ನದಿಗೆ ನುಗ್ಗುತ್ತವೆ. ಪೆರಿಸ್‌ಬರ್ಗ್ ಮತ್ತು ಮೌಮೀ ಊರುಗಳ ನಡುವೆ ನದಿ ಬಂಡೆ, ಜಲ್ಲಿಕಲ್ಲುಗಳ ಮೇಲೆ ತೆಳ್ಳಗೆ, ರಭಸವಾಗಿ ಹರಿಯುತ್ತದೆ. ಮೊಟ್ಟೆ ಇಡಲು ಅವಕ್ಕೆ ಬೇಕಾದದ್ದು ಆ ಜಾಗ. ಮಲೆನಾಡಿನವರಿಗೆ ಇದು ತೀರಾ ಹೊಸ ಸಂಗತಿಯಲ್ಲ. ಮುಂಗಾರಿನ ಮೊದಲ ಮಳೆಗೆ ಹಳ್ಳದ ಮೀನು ಗದ್ದೆಯ ತನಕ ಏರಿ ಬರುತ್ತದಲ್ವಾ, ಹತ್ತುಮೀನು ಅಂತ ಕರೆಯುತ್ತೇವಲ್ಲ, ಅದೇ ಥರ. ಅಲ್ಲಿ ಮೀನನ್ನು ಎಬ್ಬಿಸುವುದು ಮಳೆ. ಇಲ್ಲಿ ಎಬ್ಬಿಸುವುದು ಕರಗಿದ ಹಿಮ, ಉದ್ದವಾಗುವ ಹಗಲು ಮತ್ತು ನಿಧಾನವಾಗಿ ಬೆಚ್ಚಗಾಗುವ ನೀರು.

ಈಗ ನೀರಿನ ಒಳಗೆ ನೋಡೋಣ. ಹರಿಯುವ ನದಿಯಲ್ಲಿ ಎಲ್ಲ ಪದರಗಳೂ ಒಂದೇ ವೇಗದಲ್ಲಿ ಓಡುವುದಿಲ್ಲ. ಮೇಲ್ಭಾಗದಲ್ಲಿ ಸೆಳವು ಜೋರು. ತಳಕ್ಕೆ ಹೋದಂತೆ ನೀರು ಕಲ್ಲುಗಳಿಗೆ ಉಜ್ಜಿ ನಿಧಾನವಾಗುತ್ತದೆ. ಕಲ್ಲುಗಳ ಸಂದಿಯಲ್ಲಂತೂ ಹೆಚ್ಚುಕಡಿಮೆ ನಿಂತೇಬಿಡುತ್ತದೆ. ಜೊತೆಗೆ ಇನ್ನೊಂದು ಲೆಕ್ಕವಿದೆ. ನೀರು ಮೀನನ್ನು ಹಿಂದಕ್ಕೆ ತಳ್ಳುವ ಬಲ ವೇಗದ ವರ್ಗದಂತೆ ಏರುತ್ತದೆ. ವೇಗ ಅರ್ಧವಾದರೆ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಸರೋವರದಿಂದ ಎದುರು ಈಜಿ ಬಂದ ಮೀನಿಗೆ ಇದು ದೊಡ್ಡ ಉಳಿತಾಯ. ಹಾಗಾಗಿ ನದಿಯ ವಾಲೈ ತಳಕ್ಕೆ ಅಂಟಿಕೊಂಡಂತೆ ಇರುತ್ತದೆ. ಮೊಣಕಾಲುದ್ದದ ನೀರಿರಲಿ, ಎದೆಯುದ್ದದ ನೀರಿರಲಿ, ಅದು ಓಡಾಡುವುದು ಹೆಚ್ಚಾಗಿ ತಳದ ಒಂದು ಗೇಣು ನೀರಿನಲ್ಲಿ.

ಮೌಮೀಯಲ್ಲಿ ಬಳಸುವ ಸಲಕರಣೆಯೆಲ್ಲ ಆ ಒಂದು ಗೇಣನ್ನು ತಲುಪಿ ಅಲ್ಲೇ ಉಳಿಯುವುದಕ್ಕೆಂದೇ ರೂಪುಗೊಂಡಿದೆ. ಮುಖ್ಯ ದಾರಕ್ಕೆ ಮೊದಲು ಸೀಸದ ಗುಂಡು ಪೋಣಿಸುತ್ತಾರೆ, ಆಮೇಲೆ ಒಂದು ಮಣಿ, ನಂತರ ದಾರ ಹುರಿಗೊಳ್ಳದಂತೆ ತಿರುಗುವ ಪುಟ್ಟ ಸ್ವಿವಲ್. ಅದರಿಂದಾಚೆ ಒಂದೂವರೆ ಎರಡು ಅಡಿ ಉದ್ದದ ಬೇರೆ ದಾರ. ತುದಿಯಲ್ಲಿ ತೇಲುವ ತಲೆಯ ಒಂದು ಗಾಳ, ಅದಕ್ಕೆ ಸಿಕ್ಕಿಸಿದ ಸುರುಳಿ ಬಾಲದ ಮೆತ್ತನೆಯ ಪ್ಲಾಸ್ಟಿಕ್ ಎರೆ. ಇದನ್ನು ಕೆರೊಲಿನಾ ರಿಗ್ ಅಂತಾರೆ. ಸೀಸ ತಳದಲ್ಲಿ ಉರುಳುತ್ತದೆ. ಎರೆ ಹಗುರ, ಹಾಗಾಗಿ ಕಲ್ಲಿಗೆ ಸಿಗದೆ ತಳದಿಂದ ಸ್ವಲ್ಪ ಮೇಲೆ, ಮೀನಿನ ಮೂತಿಯ ಮಟ್ಟದಲ್ಲಿ ತೇಲುತ್ತಾ ಹೋಗುತ್ತದೆ. ತುದಿಯ ದಾರ ಮುಖ್ಯ ದಾರಕ್ಕಿಂತ ದುರ್ಬಲವಾಗಿರಬೇಕು. ಗಾಳ ಬಂಡೆಗೆ ಸಿಕ್ಕಿಕೊಂಡರೆ ತುದಿ ಮಾತ್ರ ಹರಿಯುತ್ತದೆ, ಗುಂಡು ಮತ್ತು ಉಳಿದ ದಾರ ಕೈಗೆ ವಾಪಸ್ ಬರುತ್ತದೆ.

ನೀರಿನಲ್ಲಿ ನಿಂತು, ಎದುರು ದಡಕ್ಕಿಂತ ತುಸು ಮೇಲ್ಹರಿವಿನ ಕಡೆಗೆ ಎಸೆಯಬೇಕು. ಗುಂಡು ತಳ ಮುಟ್ಟಿದ ಮೇಲೆ ದಾರ ಸಡಿಲ ಬಿಡಬಾರದು, ಬಿಗಿಯಾಗಿ ಎಳೆಯಲೂ ಬಾರದು. ಸೆಳವು ಅದನ್ನು ತನ್ನ ಪಾಡಿಗೆ ಕೆಳಕ್ಕೆ ಒಯ್ಯಬೇಕು. ತೂಕ ಸರಿಯಾಗಿದ್ದರೆ ರಾಡಿನ ಮೂಲಕ ಕೈಗೆ ಗೊತ್ತಾಗುತ್ತದೆ: ಟಕ್, ಸ್ವಲ್ಪ ಬಿಡುವು, ಮತ್ತೆ ಟಕ್. ಕಲ್ಲು ತಟ್ಟಿ, ಎದ್ದು, ಮತ್ತೆ ತಟ್ಟುವ ಲಯ ಅದು. ತೂಕ ಜಾಸ್ತಿಯಾದರೆ ಗುಂಡು ಕಲ್ಲುಗಳ ನಡುವೆ ಕೂತುಬಿಡುತ್ತದೆ. ಕಡಿಮೆಯಾದರೆ ಮೇಲಿನ ಜೋರು ನೀರಿಗೆ ಸಿಕ್ಕಿ ಎರೆ ಮೀನುಗಳ ತಲೆಯ ಮೇಲಿಂದ ಹಾರಿಹೋಗುತ್ತದೆ, ಅವಕ್ಕೆ ಸುಳಿವೂ ಸಿಗುವುದಿಲ್ಲ. ನಾಲ್ಕು ಗ್ರಾಂನ ಮಹತ್ವ ಇಷ್ಟೇ. ನಾನು ಮೊದಲ ಸಲ ಇಳಿದಾಗ ಇಡೀ ಬೆಳಗ್ಗೆ ಬಣ್ಣ ಬದಲಿಸುತ್ತಾ ಕಳೆದೆ, ತೂಕ ಮುಟ್ಟಲೇ ಇಲ್ಲ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಜೇಬಿನಿಂದ ಒಂದು ಗುಂಡು ತೆಗೆದು ಕೊಟ್ಟರು. ಅದನ್ನು ಕಟ್ಟಿ ಎಸೆದ ಮೇಲೆ ನದಿಯ ತಳ ಕೈಗೆ ಸಿಕ್ಕಿತು. ಆ ಟಕ್ ಟಕ್ ಇವತ್ತಿಗೂ ಬೆರಳಿನಲ್ಲಿದೆ.

ದಾರದ ದಪ್ಪವೂ ಇದೇ ಲೆಕ್ಕಕ್ಕೆ ಸೇರುತ್ತದೆ. ದಾರ ದಪ್ಪವಾದಷ್ಟೂ ಸೆಳವು ಅದನ್ನು ಹೆಚ್ಚು ತಳ್ಳಿ ಬಿಲ್ಲಿನಂತೆ ಬಾಗಿಸುತ್ತದೆ, ಗುಂಡನ್ನು ಮೇಲಕ್ಕೆ ಎತ್ತುತ್ತದೆ. ಹೆಣೆದ ದಾರ ಅಷ್ಟೇ ಗಟ್ಟಿಯ ನೈಲಾನ್‌ಗಿಂತ ತುಂಬಾ ತೆಳು, ಹಿಗ್ಗುವುದೂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ತಳದ ಸುದ್ದಿ ಅದರಲ್ಲಿ ಚೆನ್ನಾಗಿ ಬರುತ್ತದೆ. ಮನೆ ಬಿಡುವ ಮುಂಚೆ ಹಲವರು ವಾಟರ್‌ವಿಲ್ ಎಂಬಲ್ಲಿರುವ ಸರ್ಕಾರಿ ಮಾಪನ ಕೇಂದ್ರದ ಅಂಕಿಗಳನ್ನು ನೋಡಿ ನೀರು ಏರಿದೆಯೋ ಇಳಿದಿದೆಯೋ ತಿಳಿದುಕೊಳ್ಳುತ್ತಾರೆ. ನನ್ನ ಪ್ರಕಾರ ಒಳ್ಳೆಯ ರಾಡ್‌ಗಿಂತ ಅದು ಹೆಚ್ಚು ಉಪಯೋಗದ್ದು. ಜೀವ ಉಳಿಸುವುದೂ ಅದೇ. ಮಾರ್ಚಿನ ನೀರಿನಲ್ಲಿ ಬಿದ್ದರೆ ಕೈಕಾಲು ಬೇಗ ಮರಗಟ್ಟುತ್ತವೆ. ಎದೆಯವರೆಗಿನ ರಬ್ಬರ್ ಉಡುಪಿಗೆ ಸೊಂಟದ ಪಟ್ಟಿ ಬಿಗಿಯದೆ ಯಾರೂ ಇಳಿಯಬಾರದು.

ಇನ್ನು ಕಣ್ಣು. ರಾತ್ರಿ ಟಾರ್ಚ್ ಬಿಟ್ಟರೆ ಬೆಕ್ಕಿನ ಕಣ್ಣು, ಕೊಟ್ಟಿಗೆಯಲ್ಲಿ ದನದ ಕಣ್ಣು ಹೊಳೆಯುವುದನ್ನು ನೋಡಿರುತ್ತೀರಿ. ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಒಂದು ಪದರವಿದೆ. ಒಮ್ಮೆ ಒಳಹೊಕ್ಕ ಬೆಳಕನ್ನು ಅದು ತಿರುಗಿಸಿ ಮತ್ತೊಮ್ಮೆ ರೆಟಿನಾಗೆ ಕೊಡುತ್ತದೆ. ವಾಲೈಗೂ ಅಂಥದ್ದೇ ಏರ್ಪಾಡಿದೆ. ಅದರ ಬಣ್ಣದ ಗ್ರಾಹಕ ಕೋಶಗಳಲ್ಲಿ ಎರಡೇ ಬಗೆ. ಒಂದು ಹಸಿರಿಗೆ, ಇನ್ನೊಂದು ಕಿತ್ತಳೆ-ಕೆಂಪಿಗೆ ಚುರುಕು. ಕೆಸರು ನೀರಿನಲ್ಲಿ ನೀಲಿ ಬೆಳಕು ಬೇಗ ಸಾಯುತ್ತದೆ, ಹಳದಿ-ಕೆಂಪು ಕಡೆಯ ಬೆಳಕು ಇನ್ನೂ ಸ್ವಲ್ಪ ಆಳಕ್ಕೆ ಹೋಗುತ್ತದೆ. ಮೌಮೀ ಹೊಲಗಳ ಜೇಡಿಮಣ್ಣು ಹೊತ್ತು ತರುವ ನದಿ, ಯಾವಾಗಲೂ ರಾಡಿ. ಆದ್ದರಿಂದ ಇಲ್ಲಿನವರ ಪೆಟ್ಟಿಗೆಯಲ್ಲಿ ಕಿತ್ತಳೆ ಮತ್ತು ಹಳದಿ-ಹಸಿರು ಎರೆಗಳೇ ತುಂಬಿರುತ್ತವೆ. ವಾಲೈ ತಿನ್ನುವ ಪುಟ್ಟ ಮೀನುಗಳ ಕಣ್ಣು ಮಬ್ಬಿನಲ್ಲಿ ಇಷ್ಟು ಕೆಲಸ ಮಾಡುವುದಿಲ್ಲ. ಮುಂಜಾವು, ಮುಸ್ಸಂಜೆ, ಮೋಡ ಕವಿದ ದಿನ ವಾಲೈ ಬೇಟೆಗೆ ಇಳಿಯುವುದು ಈ ಅನುಕೂಲವಿರುವುದರಿಂದ.

ಮೊಟ್ಟೆ ಇಡಲು ಬಂದ ಮೀನು ಹಸಿವಿಗೆ ಕಚ್ಚುತ್ತದೋ ಇಲ್ಲವೋ ಎಂಬ ವಾದ ಈ ದಡದಲ್ಲಿ ಹಳೆಯದು. ತೆರೆದ ಬಾಯಿಯ ಮೂಲಕ ಉದ್ದ ದಾರ ಹಾದುಹೋಗಿ ಗಾಳ ತಾನೇ ಸಿಕ್ಕಿಕೊಳ್ಳುವುದೂ ಉಂಟು. ಮೈಗೆ ಚುಚ್ಚಿ ಎಳೆಯುವುದು ಮಾತ್ರ ಬೇಟೆಯಲ್ಲ. ಒಹಾಯೊದ ನಿಯಮ ಈ ವಿಷಯದಲ್ಲಿ ಕಟ್ಟುನಿಟ್ಟು, ಅದು ಸರಿಯೂ ಹೌದು. ಮಾರ್ಚ್, ಏಪ್ರಿಲ್‌ನಲ್ಲಿ ಒಂಟಿ ಕೊಕ್ಕೆಯ ಗಾಳ ಮಾತ್ರ, ಮೂರು ಕೊಕ್ಕೆಯದು ನಿಷಿದ್ಧ. ಬಾಯಿಯ ಒಳಗೆ ಗಾಳ ಸಿಕ್ಕ ಮೀನನ್ನಷ್ಟೇ ಇಟ್ಟುಕೊಳ್ಳಬಹುದು, ಉಳಿದದ್ದನ್ನು ಆಗಲೇ ಬಿಡಬೇಕು. ಸೂರ್ಯ ಹುಟ್ಟಿದ ಮೇಲೆ ಶುರು, ಮುಳುಗಿದರೆ ನಿಲ್ಲಿಸಬೇಕು.

ಉತ್ತರಕ್ಕೆ, ಕೆನಡಾ ಗಡಿಯಲ್ಲಿರುವ ಡೆಟ್ರಾಯಿಟ್ ನದಿಯಲ್ಲಿ ಪರಿಸ್ಥಿತಿಯೇ ಬೇರೆ. ಹಡಗುಗಳು ಓಡಾಡುವಷ್ಟು ಆಳ, ಜೋರು ಸೆಳವು. ಅಲ್ಲಿ ಹೆಚ್ಚಿನವರು ಎಸೆದು ಹಿಡಿಯುವುದಿಲ್ಲ, ದೋಣಿಯಲ್ಲಿ ಹೋಗುತ್ತಾರೆ. 18ರಿಂದ 28 ಗ್ರಾಂ ತೂಕದ ಜಿಗ್ ಅನ್ನು, ಅಂದರೆ ತಲೆಗೇ ಸೀಸ ಎರಕ ಹೊಯ್ದ ಗಾಳವನ್ನು, ನೇರ ಕೆಳಕ್ಕೆ ಬಿಡುತ್ತಾರೆ. ಜಾಣತನ ಇರುವುದು ದೋಣಿ ನಡೆಸುವುದರಲ್ಲಿ. ದೋಣಿ ಸೆಳವಿನಷ್ಟೇ ವೇಗದಲ್ಲಿ ತೇಲಿದರೆ ದಾರಕ್ಕೆ ಸೆಳವೇ ಇಲ್ಲದಂತಾಗುತ್ತದೆ. ಓಡುವ ರೈಲಿನ ಒಳಗೆ ಚೆಂಡು ನೇರ ಕೆಳಗೆ ಬೀಳುತ್ತದಲ್ಲ, ಹಾಗೆ. ಗಾಳಿ ದೋಣಿಯನ್ನು ಬೇರೆ ಕಡೆ ತಳ್ಳಿದಾಗ ಸಣ್ಣ ವಿದ್ಯುತ್ ಮೋಟಾರಿನಿಂದ ಸರಿಪಡಿಸುತ್ತಾರೆ. ದಾರ ನೆಟ್ಟಗೆ ನಿಂತಿದೆಯೋ ಇಲ್ಲವೋ ಎಂದು ಕಣ್ಣಿಟ್ಟಿರಬೇಕು, ಓರೆಯಾದರೆ ತಳ ತಪ್ಪಿತೆಂದೇ ಲೆಕ್ಕ.

ಅದೇ ನದಿಯಲ್ಲಿ ರಾಡೇ ಇಲ್ಲದ ಒಂದು ಹಳೆಯ ವಿಧಾನ ಇನ್ನೂ ಬದುಕಿದೆ, ನನಗೆ ಬಹಳ ಇಷ್ಟವಾದದ್ದು. ದೋಣಿಯ ಅಂಚಿಗೆ ಸ್ಪ್ರಿಂಗ್ ಇರುವ ಒಂದು ದೊಡ್ಡ ರೀಲ್, ಅದರಲ್ಲಿ ಉಕ್ಕಿನ ತಂತಿ. ತುದಿಗೆ ಅರ್ಧ ಕಿಲೋ ಅಥವಾ ಇನ್ನೂ ಹೆಚ್ಚಿನ ಸೀಸ. ಅದರ ಮೇಲೆ ಬೇರೆ ಬೇರೆ ಎತ್ತರದಲ್ಲಿ ಉದ್ದ ದಾರಗಳು, ತುದಿಗೆ ಪುಟ್ಟ ಮೀನಿನಾಕಾರದ ಎರೆಗಳು. ದೋಣಿ ಸೆಳವಿಗೆ ಎದುರಾಗಿ ನಿಧಾನ ಸಾಗುತ್ತದೆ. ತಂತಿಯನ್ನು ಕೈಯಲ್ಲೇ ಹಿಡಿದು, ಎತ್ತಿ ಇಳಿಸಿ, ತಳ ತಟ್ಟುತ್ತಾ ಹೋಗುತ್ತಾರೆ. ತಂತಿ ಹಿಗ್ಗುವುದಿಲ್ಲ, ಹಾಗಾಗಿ ಮರಳು, ಜಲ್ಲಿ, ಜೇಡಿ ಯಾವುದು ಎಂದು ಕತ್ತಲಲ್ಲೂ ಅಂಗೈಗೆ ತಿಳಿಯುತ್ತದೆ.

ಸೀಸದ ಬಗ್ಗೆ ಒಂದು ಮಾತು ಹೇಳಲೇಬೇಕು. ನುಂಗಿದ ನೀರುಹಕ್ಕಿಗಳನ್ನು ಅದು ಕೊಲ್ಲುತ್ತದೆ. ಟಂಗ್‌ಸ್ಟನ್ ಗುಂಡುಗಳಿಗೆ ದುಡ್ಡು ಜಾಸ್ತಿ, ಆದರೆ ಸೀಸಕ್ಕಿಂತ ಸಾಂದ್ರ, ಚಿಕ್ಕ ಗಾತ್ರದಲ್ಲೇ ಅಷ್ಟು ತೂಕ. ಸಾಧ್ಯವಾದವರು ಅದಕ್ಕೆ ಬದಲಾಗಬೇಕು. ಈ ನೀರು ಮೊದಲೇ ಸಾಕಷ್ಟು ಅನುಭವಿಸಿದೆ. 1970ರಲ್ಲಿ ಮೀನಿನಲ್ಲಿ ಪಾದರಸ ಕಂಡುಬಂದು, ಡೆಟ್ರಾಯಿಟ್ ನದಿ ಹೊರಡುವ ಸೇಂಟ್ ಕ್ಲೇರ್ ಸರೋವರದ ವಾಣಿಜ್ಯ ಮೀನುಗಾರಿಕೆ ನಿಂತಿತು. 2014ರ ಆಗಸ್ಟ್‌ನಲ್ಲಿ ಈರಿಯ ಪಾಚಿಯ ವಿಷ ನೀರಿಗೆ ಸೇರಿ ಟೊಲೆಡೊ ಭಾಗದ ಸುಮಾರು ಐದು ಲಕ್ಷ ಜನ ನಲ್ಲಿ ನೀರು ಕುಡಿಯದಂತಾಯಿತು. ಆ ಪಾಚಿಗೆ ಆಹಾರವಾಗುವ ರಂಜಕ ಹೊಲಗಳಿಂದ ಬರುವುದು ಹೆಚ್ಚಾಗಿ ಇದೇ ಮೌಮೀಯಲ್ಲಿ. ಒಳ್ಳೆಯ ಸುದ್ದಿಯೂ ಇದೆ. ಪಕ್ಕದ ಸ್ಯಾಂಡಸ್ಕಿ ನದಿಯಲ್ಲಿ ವಾಲೈಗೆ ಅಡ್ಡವಾಗಿದ್ದ ಬಾಲ್‌ವಿಲ್ ಅಣೆಕಟ್ಟನ್ನು 2018ರಲ್ಲಿ ಒಡೆದರು. ಅದರಾಚೆಯ ಜಲ್ಲಿ ಹಾಸುಗಳು ಮೀನಿಗೆ ಮತ್ತೆ ಸಿಕ್ಕಿವೆ.

ಸೂರ್ಯ ಮುಳುಗಿದ ಮೇಲೆ ದಡ ಖಾಲಿಯಾಗುತ್ತದೆ. ನಿಜವಾದ ಗಡಿಬಿಡಿ ಶುರುವಾಗುವುದು ಆಗ. ಗಂಡುಗಳು ವಾರಗಟ್ಟಲೆ ಅಲ್ಲೇ ಕಾದಿರುತ್ತವೆ, ನಮ್ಮ ಗಾಳಕ್ಕೆ ಬಿದ್ದವೂ ಹೆಚ್ಚಾಗಿ ಅವೇ. ದೊಡ್ಡ ಹೆಣ್ಣು ಆಳದ ಮಡುವಿನಿಂದ ಜಲ್ಲಿಗೆ ಏರಿ ಬಂದು, ಬಹುಪಾಲು ಮೊಟ್ಟೆಗಳನ್ನು ಒಂದೇ ರಾತ್ರಿಯಲ್ಲಿ ಚೆಲ್ಲಿ, ಸರೋವರಕ್ಕೆ ವಾಪಸ್ ಹೊರಡುತ್ತದೆ. ಗೂಡಿಲ್ಲ, ಕಾವಲಿಲ್ಲ. ಸಾವಿರಗಟ್ಟಲೆ ಮೊಟ್ಟೆಗಳು ಕಲ್ಲಿನ ಸಂದಿಗೆ, ನೀರು ಹೆಚ್ಚುಕಡಿಮೆ ನಿಂತಿರುವ ಅದೇ ಜಾಗಕ್ಕೆ ಇಳಿದು ಕೂರುತ್ತವೆ. ಎರಡು ಮೂರು ವಾರಕ್ಕೆ ಮರಿ ಹೊರಬರುತ್ತದೆ. ಒಂದು ಸೆಂಟಿಮೀಟರ್ ಕೂಡ ಇಲ್ಲದ ಆ ಮರಿಗೆ ಸೆಳವಿನ ಎದುರು ಈಜುವ ಶಕ್ತಿಯಿಲ್ಲ. ಹೊಟ್ಟೆಗೆ ಅಂಟಿದ ಭಂಡಾರದ ಆಹಾರ ಮುಗಿಯುವುದರೊಳಗೆ ಅದು ಈರಿ ತಲುಪಬೇಕು. ದೊಡ್ಡ ಮೀನುಗಳು ತಪ್ಪಿಸಿಕೊಳ್ಳುತ್ತಿದ್ದ ಮೇಲಿನ ಜೋರು ನೀರೇ ಈಗ ಅದನ್ನು ಎತ್ತಿಕೊಂಡು ಹೋಗುತ್ತದೆ.