ಹಳೇ ವೋಲ್ವೋ 240ರ ಆಲ್ಟರ್ನೇಟರ್ ಬುಷ್: ರಬ್ಬರ್ ಬದಲಿಸುವಾಗ ಅರ್ಥ್ ವೈರನ್ನೂ ನೋಡಿ

ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗಿಂದ ಕೀಂಯ್ ಅಂತ ಸದ್ದು. ಬೆಲ್ಟ್ ಬಿಗಿ ಮಾಡಿದರೆ ಒಂದು ವಾರ ಸುಮ್ಮನಿರುತ್ತದೆ, ಆಮೇಲೆ ಮತ್ತೆ ಶುರು. ಹೊಸ ಬೆಲ್ಟ್ ಹಾಕಿದರೂ ಅದೇ ಕಥೆ. ನನ್ನ 1989ರ ವೋಲ್ವೋ 240 ಹೀಗೇ ಮಾಡುತ್ತಿತ್ತು. ತಪ್ಪು ಬೆಲ್ಟಿನದಲ್ಲ, ಬೆಲ್ಟಿನಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನು ಹಿಡಿದುಕೊಂಡಿರುವ ರಬ್ಬರ್ ಬುಷ್‌ಗಳದ್ದು. ನಾನು ಇಲ್ಲಿ ಅಮೆರಿಕದಲ್ಲಿ ಮನೆ ಮುಂದೆಯೇ ಈ ಕೆಲಸ ಮಾಡುತ್ತಾ ಕಲಿತದ್ದನ್ನು, ಕಲಿಯುತ್ತಿರುವ ಬೇರೆಯವರಿಗಾಗಿ ಬರೆದಿಟ್ಟಿದ್ದೇನೆ.

ಸ್ವೀಡನ್ನಿನ ವೋಲ್ವೋ ಕಂಪನಿಯ 240 ಮಾದರಿ 1974ರಿಂದ 1993ರವರೆಗೆ ತಯಾರಾಯಿತು. ಅದರ ಅಕ್ಕತಂಗಿಯಂತಿದ್ದ 260 ಸೇರಿದರೆ ಸುಮಾರು 28 ಲಕ್ಷ ಗಾಡಿಗಳು. ಇವತ್ತಿಗೂ ಎಷ್ಟೋ ಗಾಡಿಗಳು ಓಡುತ್ತಿವೆ, ಹಾಗಾಗಿ ಬಿಡಿಭಾಗಕ್ಕೆ ಕಷ್ಟವಿಲ್ಲ. ಇದರ ನಾಲ್ಕು ಸಿಲಿಂಡರ್ ಎಂಜಿನ್ನಿನಲ್ಲಿ ಆಲ್ಟರ್ನೇಟರ್ ನೇರವಾಗಿ ಕಬ್ಬಿಣಕ್ಕೆ ಕಬ್ಬಿಣ ತಾಗಿಕೊಂಡು ಕೂತಿಲ್ಲ. ಬ್ರಾಕೆಟ್ಟಿನ ತೂತಿನೊಳಗೆ ರಬ್ಬರ್, ರಬ್ಬರಿನೊಳಗೆ ಉಕ್ಕಿನ ಸಣ್ಣ ಕೊಳವೆ, ಅದರೊಳಗೆ ಬೋಲ್ಟ್. ಎಂಜಿನ್ನಿನ ನಡುಕ ಆಲ್ಟರ್ನೇಟರ್‌ಗೆ ಪೂರ್ತಿ ಹೋಗಬಾರದು ಅಂತ ಈ ಏರ್ಪಾಡು. (ನಮ್ಮ ಕಡೆ ಗ್ಯಾರೇಜುಗಳಲ್ಲಿ ಇದಕ್ಕೆ ಇನ್ನೂ ಡೈನಮೋ ಅಂತಾರೆ. ಹೆಸರು ಹಳೆಯದು, ಯಂತ್ರ ಬೇರೆ.)

ಆ ರಬ್ಬರ್ ಎಷ್ಟು ಕೆಲಸ ಮಾಡುತ್ತದೆ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಫೈರ್ ಆಗುತ್ತದೆ. ಐಡಲ್‌ನಲ್ಲಿ ನಿಮಿಷಕ್ಕೆ 750 ಸುತ್ತು ಅಂದರೆ ಸೆಕೆಂಡಿಗೆ 25 ಏಟು, ಗಂಟೆಗೆ 90,000. ಇದು ಗಾಡಿ ಸಿಗ್ನಲ್‌ನಲ್ಲಿ ಸುಮ್ನೆ ನಿಂತಿರುವಾಗ. ಇದರ ಮೇಲೆ ಬೆಲ್ಟಿನ ಎಳೆತ ಬೇರೆ. ಆಲ್ಟರ್ನೇಟರ್ 14 ವೋಲ್ಟಿನಲ್ಲಿ 70 ಆಂಪಿಯರ್ ಕೊಡುತ್ತಿದ್ದರೆ ಅದು ಹತ್ತಿರ ಹತ್ತಿರ 1 ಕಿಲೋವ್ಯಾಟ್. ಆಲ್ಟರ್ನೇಟರಿನ ದಕ್ಷತೆ 60% ಆಸುಪಾಸು ಅಂತ ಹಿಡಿದರೆ, ಅದರ ಪುಲ್ಲಿಗೆ (ಬೆಲ್ಟ್ ಸುತ್ತುವ ಚಕ್ರ) ಬೆಲ್ಟ್ 1.6ರಿಂದ 1.7 ಕಿಲೋವ್ಯಾಟ್ ಕೊಡಬೇಕು. ಲೈಟು, ಬ್ಲೋವರ್, ಹಿಂದಿನ ಗಾಜಿನ ಹೀಟರ್ ಎಲ್ಲ ಒಟ್ಟಿಗೆ ಹಾಕಿದಾಗಲೇ ಬೆಲ್ಟ್ ಕಿರುಚುವುದು ಇದಕ್ಕೇ. ಬುಷ್ ಸವೆದಿದ್ದರೆ ಎಳೆತ ಜಾಸ್ತಿಯಾದಾಗ ಆಲ್ಟರ್ನೇಟರ್ ಎಂಜಿನ್ ಕಡೆಗೆ ವಾಲುತ್ತದೆ, ಬೆಲ್ಟ್ ಸಡಿಲವಾಗುತ್ತದೆ, ಜಾರುತ್ತದೆ. ಎಳೆತ ಕಮ್ಮಿಯಾದರೆ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಅದಕ್ಕೇ ಎಂಜಿನ್ ಆಫ್ ಮಾಡಿ ಬೆಲ್ಟ್ ಒತ್ತಿ ನೋಡಿದರೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ.

ಕಂಡುಹಿಡಿಯುವುದು ಸುಲಭ. ಎಂಜಿನ್ ಆಫ್ ಇರಲಿ. ಆಲ್ಟರ್ನೇಟರನ್ನು ಕೈಯಲ್ಲಿ ಹಿಡಿದು ಮುಂದೆ ಹಿಂದೆ ಅಲ್ಲಾಡಿಸಿ. ಒಳ್ಳೆ ಬುಷ್ ಇದ್ದರೆ ರಬ್ಬರಿನ ಬಿಗಿ ಕೈಗೆ ತಿಳಿಯುತ್ತದೆ. ಸವೆದಿದ್ದರೆ ಟಕ್ ಅಂತ ತಾಗುತ್ತದೆ. ಆಮೇಲೆ ಒಂದು ನೇರವಾದ ಉಕ್ಕಿನ ಸ್ಕೇಲನ್ನು ಪುಲ್ಲಿಗಳ ಮುಖಕ್ಕೆ ಅಡ್ಡ ಇಡಿ. ಆಲ್ಟರ್ನೇಟರ್ ಪುಲ್ಲಿ ಓರೆಯಾಗಿದ್ದರೆ ಕಣ್ಣಿಗೇ ಕಾಣುತ್ತದೆ. ಬೆಲ್ಟಿನ ಒಂದೇ ಅಂಚು ಹೊಳೆಯುತ್ತಾ ನೂಲು ಬಿಟ್ಟಿದ್ದರೆ ಅದೂ ಇದೇ ಗುರುತು.

ಬಿಚ್ಚುವಾಗ ಮೊದಲ ಕೆಲಸ ಬ್ಯಾಟರಿಯ ನೆಗೆಟಿವ್ ತೆಗೆಯುವುದು. ಇದನ್ನು ಮರೆಯಲೇಬೇಡಿ. ಆಲ್ಟರ್ನೇಟರಿನ ಹಿಂದಿರುವ ದಪ್ಪ ವೈರಿನಲ್ಲಿ ಕೀ ತೆಗೆದಿದ್ದರೂ ಕರೆಂಟ್ ಇರುತ್ತದೆ. ಅಲ್ಲಿ ಸ್ಪ್ಯಾನರ್ ತಾಗಿದರೆ ಕಿಡಿ ಹಾರುತ್ತದೆ, ಕೈ ಸುಡುತ್ತದೆ. ನಂತರ ವಾಷರ್‌ಗಳು ಯಾವ ಬೋಲ್ಟಿಗೆ ಯಾವ ಬದಿಯಲ್ಲಿವೆ ಅಂತ ಫೋಟೋ ತೆಗೆದಿಡಿ. ಅವು ಅದಲು ಬದಲಾದರೆ ಪುಲ್ಲಿ ಸಾಲು ತಪ್ಪುತ್ತದೆ. ಬುಷ್‌ಗಳ ಸಂಖ್ಯೆ, ಅಳತೆ ವರ್ಷದಿಂದ ವರ್ಷಕ್ಕೆ ಬೇರೆ. ಹಾಗಾಗಿ ತಿರುಗುವ ಬೋಲ್ಟಿನ (ಬೆಲ್ಟ್ ಬಿಗಿ ಮಾಡುವಾಗ ಆಲ್ಟರ್ನೇಟರ್ ಇದರ ಮೇಲೆ ತಿರುಗುತ್ತದೆ) ಬದಿಯಲ್ಲಿ ಎಷ್ಟಿವೆ, ಬೆಲ್ಟ್ ಬಿಗಿ ಮಾಡುವ ಬದಿಯಲ್ಲಿ ಎಷ್ಟಿವೆ ಅಂತ ನಿಮ್ಮ ಗಾಡಿಯಲ್ಲೇ ಎಣಿಸಿ.

ನನ್ನ ಹಳೇ ಬುಷ್ ಹೊರಬಂದಾಗ ಅದನ್ನು ಅಂಗೈಯಲ್ಲಿಟ್ಟು ತುಂಬ ಹೊತ್ತು ನೋಡಿದೆ. ದುಂಡಗಿರಬೇಕಾದ ತೂತು ಹುಣಸೆ ಬೀಜದ ಆಕಾರಕ್ಕೆ ಬಂದಿತ್ತು. ಒಂದು ಬದಿಯಲ್ಲಿ ರಬ್ಬರೇ ಇರಲಿಲ್ಲ. ಉಕ್ಕಿನ ಕೊಳವೆ ಬ್ರಾಕೆಟ್ಟಿಗೆ ಉಜ್ಜಿ ಉಜ್ಜಿ ಕನ್ನಡಿಯಂತೆ ಹೊಳೆಯುತ್ತಿತ್ತು. ಈ ಹೊಳಪನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಳೇ ರಬ್ಬರನ್ನು ಸಾಕೆಟ್ ಇಟ್ಟು ವೈಸ್‌ನಲ್ಲಿ ಒತ್ತಿದರೆ ಬರುತ್ತದೆ. ಬರದಿದ್ದರೆ ಚಾಕುವಿನಿಂದ ಕುಯ್ಯಿರಿ. ಸುಟ್ಟು ತೆಗೆಯುವವರೂ ಇದ್ದಾರೆ, ಆ ಹೊಗೆ ಒಳ್ಳೆಯದಲ್ಲ, ಬೇಡ. ತೂತನ್ನು ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕು ಎಣ್ಣೆ ಒರೆಸಿ. ಹೊಸದನ್ನು ಸೋಪು ನೀರು ಹಚ್ಚಿ ತೂರಿಸಿ. ರಬ್ಬರ್ ಬುಷ್‌ಗೆ ಮಾಮೂಲಿ ಗ್ರೀಸ್, ಎಂಜಿನ್ ಆಯಿಲ್ ಹಚ್ಚಬಾರದು, ಉಬ್ಬಿ ಮೆತ್ತಗಾಗುತ್ತದೆ. ಮೇಲಿನಿಂದ ಆಯಿಲ್ ಸೋರಿ ಬುಷ್ ಮೇಲೆ ಬೀಳುತ್ತಿದ್ದರೆ ಮೊದಲು ಆ ಸೋರಿಕೆ ನಿಲ್ಲಿಸಿ. ಪಾಲಿಯುರೆಥೇನ್ ಬುಷ್‌ಗಳೂ ಸಿಗುತ್ತವೆ. ಅವು ಎಣ್ಣೆಗೆ ಅಷ್ಟು ಬೇಗ ಹಾಳಾಗುವುದಿಲ್ಲ, ಗಟ್ಟಿ ಇರುವುದರಿಂದ ನಡುಕ ಸ್ವಲ್ಪ ಜಾಸ್ತಿ ದಾಟಿಸುತ್ತವೆ. ನಾನು ಅದನ್ನೇ ಹಾಕಿದೆ. ದಿನಾ ಓಡಿಸುವ ಹಳೇ ಗಾಡಿಗೆ ಅದೇ ಸರಿ ಅನ್ನುವುದು ನನ್ನ ಅಭಿಪ್ರಾಯ.

ಈಗ ಮುಖ್ಯ ವಿಷಯ. ಎಲ್ಲ ಜೋಡಿಸಿ, ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿದೆ. ಸದ್ದಿಲ್ಲ, ಬೆಲ್ಟ್ ನೇರ, ಬ್ಯಾಟರಿಯ ಕೆಂಪು ದೀಪವೂ ಇಲ್ಲ. ಖುಷಿಯಾಯಿತು. ಆದರೂ ಮೀಟರ್ ಹಿಡಿದು ನೋಡೋಣ ಅಂತ ಬ್ಯಾಟರಿಗೆ ಇಟ್ಟರೆ 12.3 ವೋಲ್ಟ್. ಎಂಜಿನ್ ಓಡುವಾಗ 13.8ರಿಂದ 14.4 ಇರಬೇಕು, ಅಲ್ವಾ? ಚಾರ್ಜ್ ಆಗುತ್ತಲೇ ಇರಲಿಲ್ಲ.

ಎಂಜಿನ್ ಆಫ್ ಮಾಡಿ ಕೀ ಮಾತ್ರ ಆನ್ ಮಾಡಿದೆ. ಕೆಂಪು ದೀಪ ಆಗಲೂ ಹತ್ತಲಿಲ್ಲ. ಹತ್ತಬೇಕಿತ್ತು. ಆ ದೀಪದ ಮೂಲಕವೇ ಸಣ್ಣ ಕರೆಂಟ್ ಆಲ್ಟರ್ನೇಟರಿನ ಒಳಗೆ ತಿರುಗುವ ರೋಟರ್‌ಗೆ ಹೋಗಿ, ಅದರ ಮೈಯಿಂದ ಎಂಜಿನ್ನಿಗೆ, ಎಂಜಿನ್ನಿಂದ ಬ್ಯಾಟರಿ ನೆಗೆಟಿವ್‌ಗೆ ವಾಪಸ್ಸಾಗುತ್ತದೆ. ವಾಪಸ್ಸು ದಾರಿ ಇಲ್ಲದಿದ್ದರೆ ದೀಪ ಹತ್ತದು, ರೋಟರ್ ಅಯಸ್ಕಾಂತವಾಗದು. ಕೀ ಆನ್ ಇಟ್ಟೇ ಮೀಟರಿನ ಒಂದು ತುದಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಆಲ್ಟರ್ನೇಟರಿನ ಬರಿ ಲೋಹಕ್ಕೆ ಇಟ್ಟೆ. ಸೊನ್ನೆ ಇರಬೇಕಾದಲ್ಲಿ 11 ವೋಲ್ಟ್ ದಾಟಿತ್ತು.

ರಬ್ಬರ್, ಪಾಲಿಯುರೆಥೇನ್ ಎರಡೂ ಕರೆಂಟ್ ಬಿಡುವುದಿಲ್ಲ. ಅದಕ್ಕೇ ವೋಲ್ವೋದವರು ಆಲ್ಟರ್ನೇಟರಿನಿಂದ ಎಂಜಿನ್ ಬ್ಲಾಕಿಗೆ ಬೇರೆಯೇ ಅರ್ಥ್ ವೈರ್ ಕೊಟ್ಟಿದ್ದಾರೆ. ಬುಷ್ ಸವೆದು ಆಲ್ಟರ್ನೇಟರ್ ವರ್ಷಗಟ್ಟಲೆ ಕುಣಿದಾಗ ಆ ವೈರೂ ಬಗ್ಗಿ ಬಗ್ಗಿ ಒಳಗೇ ತುಂಡಾಗುತ್ತದೆ. ನನ್ನದರಲ್ಲಿ ಹೊರಗಿನ ಪ್ಲಾಸ್ಟಿಕ್ ಚೆನ್ನಾಗಿಯೇ ಇತ್ತು. ತುದಿಯ ಲೋಹದ ಲಗ್ ಹತ್ತಿರ ಹಿಡಿದು ಎಳೆದರೆ ಅಂಟಿನಂತೆ ಉದ್ದವಾಯಿತು. ಕುಯ್ದು ನೋಡಿದರೆ ಒಳಗಿನ ತಾಮ್ರ ಹಸಿರು ಪುಡಿ. ಹಾಗಾದರೆ ಅಲ್ಲಿಯವರೆಗೆ ಚಾರ್ಜ್ ಆಗುತ್ತಿದ್ದುದು ಹೇಗೆ? ಆ ಹೊಳೆಯುವ ಕೊಳವೆ ಬ್ರಾಕೆಟ್ಟಿಗೆ ತಾಗಿಕೊಂಡಿತ್ತಲ್ಲ, ಕರೆಂಟ್ ಅಲ್ಲಿಂದಲೇ ದಾಟುತ್ತಿತ್ತು. ಹೊಸ ಬುಷ್ ಹಾಕಿ ನಾನು ಆ ಕಳ್ಳದಾರಿ ಮುಚ್ಚಿದ್ದೆ.

ಇದೇ ವೈರ್ ಅರ್ಧ ಮಾತ್ರ ತುಂಡಾಗಿದ್ದರೆ ಕಂಡುಹಿಡಿಯುವುದು ಇನ್ನೂ ಕಷ್ಟ. ವೋಲ್ಟನ್ನು ಹದದಲ್ಲಿಡುವ ರೆಗ್ಯುಲೇಟರ್ ಆಲ್ಟರ್ನೇಟರಿನ ಬೆನ್ನಿನಲ್ಲೇ ಇರುವುದರಿಂದ, ಅದು ಬ್ಯಾಟರಿ ನೆಗೆಟಿವ್‌ನಿಂದಲ್ಲ, ಆಲ್ಟರ್ನೇಟರಿನ ಮೈಯಿಂದಲೇ ವೋಲ್ಟ್ ಅಳೆಯುತ್ತದೆ. ಅದಕ್ಕೆ 14.2 ಕಾಣುತ್ತದೆ. ಅರ್ಥ್ ದಾರಿಯಲ್ಲಿ 0.6 ಕಳೆದುಹೋದರೆ ಬ್ಯಾಟರಿಗೆ ಸಿಗುವುದು 13.6. ರೆಗ್ಯುಲೇಟರ್ ಬದಲಿಸಿ ಏನೂ ಪ್ರಯೋಜನವಿಲ್ಲ. ಎಂಜಿನ್ 2,000 ಸುತ್ತಿನಲ್ಲಿ ಓಡುತ್ತಿರಲಿ, ಲೈಟು ಬ್ಲೋವರ್ ಹಾಕಿ, ಮೇಲೆ ಹೇಳಿದಂತೆಯೇ ಅಳೆಯಿರಿ. ತೋಳು, ವೈರು ಫ್ಯಾನಿನಿಂದ ದೂರವಿರಲಿ. 0.2 ವೋಲ್ಟಿಗಿಂತ ಜಾಸ್ತಿ ಬಂದರೆ ಅರ್ಥ್ ವೈರ್ ಬದಲಿಸಿ. ನಾನು 16 ಚದರ ಮಿಲಿಮೀಟರಿನ ತಾಮ್ರದ ವೈರ್ ಹಾಕಿದೆ. ಎರಡೂ ತುದಿಯ ಲೋಹವನ್ನು ಹೊಳೆಯುವವರೆಗೆ ಉಜ್ಜಿ, ನಡುವೆ ಸ್ವಲ್ಪ ಸಡಿಲ ಬಿಟ್ಟು ಬಿಗಿ ಮಾಡಿದೆ. ಮೀಟರ್ 0.04 ತೋರಿಸಿತು, ಬ್ಯಾಟರಿಯಲ್ಲಿ 14.1.

ಬೆಲ್ಟಿನ ಬಗ್ಗೆ ಎರಡು ಮಾತು. ನನ್ನ 240ರಲ್ಲಿ ಎರಡು ವಿ-ಬೆಲ್ಟ್ ಜೊತೆಯಾಗಿ ಓಡುತ್ತವೆ, ಬದಲಿಸಿದರೆ ಎರಡನ್ನೂ ಬದಲಿಸಿ. ಹೆಬ್ಬೆರಳಲ್ಲಿ ಒತ್ತಿದರೆ 5ರಿಂದ 10 ಮಿಲಿಮೀಟರ್ ಬಗ್ಗಬೇಕು. ತಿರುಗುವ ಬೋಲ್ಟನ್ನು ಮೊದಲೇ ಬಿಗಿ ಮಾಡಬೇಡಿ. ಬೆಲ್ಟ್ ಸರಿ ಬಿಗಿಗೆ ಬಂದ ಮೇಲೆ ಕೊನೆಗೆ ಬಿಗಿಯಿರಿ, ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡೇ ಕೂರುತ್ತದೆ. ಹೊಸ ಬೆಲ್ಟ್ ಮೊದಲ ಕೆಲವು ದಿನಗಳಲ್ಲಿ ಸ್ವಲ್ಪ ಹಿಗ್ಗುತ್ತದೆ, ಆಗ ಮತ್ತೊಮ್ಮೆ ಬಿಗಿ ಮಾಡುವಾಗಲೂ ಆ ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿಕೊಂಡೇ ಮಾಡಿ.